ಅಳಿಯ ರಾಮರಾಯನ ಏಳಿಗೆ: ‘ರಾಕ್ಷಸ ತಂಗಡಿ’ಯ ಓದು

ಗಿರೀಶ ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ 2018ರಲ್ಲಿ ಪ್ರಕಟವಾಯಿತು. 1565ರ ಜನವರಿಯಲ್ಲಿ ಕೃಷ್ಣಾತೀರದಲ್ಲಿ ನಡೆದ ಕಾಳಗ ಅದರ ವಸ್ತು. ಅಳಿಯ ರಾಮರಾಯ ಅದರ ನಾಯಕ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಧರ್ಮಕೇಂದ್ರಗಳಲ್ಲಿ ಸೇವೆಗೈಯುವ ಗುರುಗಳಿಗೆ ಈ ಕೃತಿ ದೂರದ್ದಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ನೆಲಕ್ಕಾಗಿಯೇ ವಿಜಯನಗರವೂ ಬಿಜಾಪುರವೂ ತಲೆಮಾರುಗಳ ಕಾಲ ಸೆಣಸಿದವು. ಮುದಗಲ್ಲಿನ ಕೋಟೆ ಎಷ್ಟೋ ಸಲ ಒಡೆಯರನ್ನು ಬದಲಿಸಿತು.

ಆ ಕಾಳಗವನ್ನು ಎರಡು ಮತಗಳ ಯುದ್ಧವೆಂದು ಹೇಳುವುದು ರೂಢಿ. ಕಾರ್ನಾಡರು ಆ ದಾರಿ ಹಿಡಿಯುವುದಿಲ್ಲ; ಇದು ನಾಟಕದ ದೊಡ್ಡ ಗುಣ. ರಾಮರಾಯನ ಏಳಿಗೆಯೇ ಆ ರೂಢಿಯ ಮಾತನ್ನು ಸುಳ್ಳಾಗಿಸುತ್ತದೆ. ಅವನು ಮೊದಲು ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. ಅಲ್ಲಿಂದ ಹೊರಬಿದ್ದು ಕೃಷ್ಣದೇವರಾಯನನ್ನು ಸೇರಿದ, ಅವನ ಮಗಳನ್ನು ವರಿಸಿ ‘ಅಳಿಯ’ನಾದ. ಮುಂದೆ ಸದಾಶಿವರಾಯನನ್ನು ಪಟ್ಟಕ್ಕೆ ಕೂರಿಸಿ ಆಡಳಿತವನ್ನೆಲ್ಲ ತನ್ನ ಕೈಯಲ್ಲಿಟ್ಟುಕೊಂಡ. ಮಗನನ್ನು ಕಳೆದುಕೊಂಡಾಗ ಸಂತೈಸಲು ಬಂದವನು ಬಿಜಾಪುರದ ಅಲಿ ಆದಿಲಶಹ. ರಾಮರಾಯನ ಪತ್ನಿ ಅವನನ್ನು ಮಗನೆಂದು ಸ್ವೀಕರಿಸಿದಳೆಂದು ಫೆರಿಷ್ತಾ ಬರೆಯುತ್ತಾನೆ. ಅದೇ ಅಲಿ 1565ರಲ್ಲಿ ಎದುರು ಪಾಳೆಯದಲ್ಲಿದ್ದ. (ನಮ್ಮಲ್ಲಿ ಕೆಲವರಿಗೆ ರಾಮರಾಯನೆಂದರೆ ಮೈಲಾಪುರದ ಸಾಂತೋಮಿನ ಮೇಲೆ ಎರಗಿದವನೆಂಬುದಷ್ಟೇ ನೆನಪು.)

ಅರಸುಕುಲದಲ್ಲಿ ಹುಟ್ಟದ ಕಾರಣ ಸಿಂಹಾಸನ ದಕ್ಕದವನು ಕಲ್ಯಾಣದ ಚಾಲುಕ್ಯರ ವಂಶಕ್ಕೆ ಹಂಬಲಿಸುತ್ತಾನೆ. ಪತನದ ಬೇರನ್ನು ನಾಟಕ ಅಲ್ಲಿ ಕಾಣುತ್ತದೆ. ನಾವೂ ಒಮ್ಮೆ ಪ್ರಬೋಧನೆಯಲ್ಲಿ ಇವನನ್ನು ಗರ್ವಭಂಗದ ದೃಷ್ಟಾಂತವಾಗಿ ಬಳಸಿದ್ದೆವು. ಈಗ ಅದು ತೀರ ಅಗ್ಗದ ಉಪಯೋಗವೆನಿಸುತ್ತದೆ. ದಾವೀದನೂ ಅರಸನ ಅಳಿಯನೇ ಅಲ್ಲವೇ? ಅವನೂ ಪರರಾಜನ ಆಶ್ರಯದಲ್ಲಿ ಬಾಳಿದವನೇ. ಸಮುವೇಲನ ಮೊದಲನೆಯ ಗ್ರಂಥದ 27ನೆಯ ಅಧ್ಯಾಯದಲ್ಲಿ ಅವನು ಗತ್ ಊರಿನ ಆಕೀಷನಿಂದ ಚಿಕ್ಲಗನ್ನು ಪಡೆಯುತ್ತಾನೆ. ಅಲ್ಲಿಂದ ಗೆಷೂರ್ಯರು, ಅಮಾಲೇಕ್ಯರು ಮುಂತಾದವರನ್ನು ಸೂರೆಗೈದು, ಸುದ್ದಿ ಒಯ್ಯಲು ಒಬ್ಬ ಗಂಡಸನ್ನಾಗಲಿ ಹೆಂಗಸನ್ನಾಗಲಿ ಉಳಿಸುವುದಿಲ್ಲ. ಅಭಿಷಿಕ್ತನ ಏಳಿಗೆಯ ಕಥೆ ಹೇಳುತ್ತಲೇ ಪವಿತ್ರಗ್ರಂಥ ಸತ್ತವರ ಲೆಕ್ಕವನ್ನೂ ಇಡುತ್ತದೆ. ಅವನು ಮುಚ್ಚಲೆಳಸಿದ ಸುದ್ದಿಯನ್ನು ಅದೇ ನಮಗೆ ತಲುಪಿಸುತ್ತದೆ.

ನಾಟಕದಲ್ಲಿ ನಮಗೆ ಕೊರತೆಯೆನಿಸಿದ್ದು ಇದೇ. ಅದರ ಲೋಕ ಬಹುಮಟ್ಟಿಗೆ ಅರಮನೆಗಳದು, ಪಾಳೆಯಗಳದು. ಮುದಗಲ್ಲು ರಾಯಚೂರುಗಳು ಅಲ್ಲಿ ಬೇಡುವ, ಕೊಡುವ, ಕಸಿಯುವ ಹೆಸರುಗಳು. ಸೇನೆಗಳು ಹಾದುಹೋದ ಹೊಲಗಳ ಒಕ್ಕಲು ತೆರೆಯ ಹಿಂದೆಯೇ ಉಳಿಯುತ್ತಾರೆ. ರಾಮರಾಯನ ಒಳಗುದಿಯನ್ನು ಅಷ್ಟು ಚೆನ್ನಾಗಿ ಬಲ್ಲ ಲೇಖಕರಿಗೆ ಈ ದನಿ ಅಸಾಧ್ಯವಾಗಿತ್ತೆಂದು ನಾವು ನಂಬೆವು. ಅವರ ‘ತಲೆದಂಡ’ದಲ್ಲಿ ಬೀದಿಯ ಜನ ರಂಗಕ್ಕೆ ಬಂದಿದ್ದರು.

ಗುರುವಿದ್ಯಾರ್ಥಿಗಳು ಈ ನಾಟಕವನ್ನು ತರಗತಿಯಲ್ಲಿ ಓದುವಾಗ ಆ 27ನೆಯ ಅಧ್ಯಾಯವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಲಿ.