‘ಎಲ್ಲರ ಜಪಾನೀ’ ಪಾಠಗಳೂ ಕನ್ನಡ ವಿದ್ಯಾರ್ಥಿಯೂ

ಪರಭಾಷೆಯನ್ನು ಕಲಿಸುವ ಗ್ರಂಥಕ್ಕೆ ಎರಡು ಹೊಣೆಗಳುಂಟು. ಕಲಿಯತಕ್ಕ ಭಾಷೆಯ ಲಕ್ಷಣವನ್ನು ಅದರ ಸ್ವಭಾವಕ್ಕನುಗುಣವಾಗಿ ನಿರೂಪಿಸುವುದು ಒಂದು. ವಿದ್ಯಾರ್ಥಿಯು ಮೊದಲೇ ಬಲ್ಲುದರಿಂದ ಅವನನ್ನು ಅರಿಯದುದರ ಕಡೆಗೆ ಕೈಹಿಡಿದು ನಡೆಸುವುದು ಮತ್ತೊಂದು. ಮೊದಲನೆಯದನ್ನು ಸಾಧಿಸಿ ಎರಡನೆಯದರಲ್ಲಿ ಎಡಹುವ ಪುಸ್ತಕಗಳೇ ಲೋಕದಲ್ಲಿ ಹೆಚ್ಚು. ಜಪಾನಿನಲ್ಲಿ ನೆಲಸಿ ದುಡಿಯಹೊರಟ ಕನ್ನಡಿಗರ ಕೈಗೆ ಬರುವ ಪಾಠಪುಸ್ತಕವನ್ನು ಈ ಒರೆಗಲ್ಲಿನ ಮೇಲಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗೃಹಸ್ಥರಿಗೆ ಇದು ದೂರದೇಶದ ಮಾತೆಂದು ತೋರಬಹುದು. ಹಾಗಲ್ಲ. ೨೦೨೧ರ ಜನವರಿಯಲ್ಲಿ ಭಾರತವೂ ಜಪಾನೂ ಮಾಡಿಕೊಂಡ ಒಡಂಬಡಿಕೆಯಂತೆ ವೃದ್ಧರ ಶುಶ್ರೂಷೆ, ಬೇಸಾಯ, ಕಟ್ಟಡದ ಕೆಲಸ, ವಸತಿಗೃಹಗಳ ಕೆಲಸ ಮೊದಲಾದುವಕ್ಕೆ ನಮ್ಮ ತರುಣ ತರುಣಿಯರು ಅಲ್ಲಿಗೆ ಹೋಗಲು ದಾರಿ ತೆರೆದಿದೆ. ಆ ದಾರಿಯ ಬಾಗಿಲಿನಲ್ಲಿ ಭಾಷಾಪರೀಕ್ಷೆಯೊಂದು ನಿಂತಿದೆ. ೧೯೮೪ರಲ್ಲಿ ಆರಂಭವಾಗಿ ೨೦೧೦ರಿಂದ ಐದು ಮೆಟ್ಟಿಲುಗಳಾಗಿರುವ ಜಪಾನೀ ಪರೀಕ್ಷೆಯಲ್ಲಿ ಕೆಳಗಿನಿಂದ ಎರಡನೆಯದಾದ ‘ಎನ್-೪’ ಅನ್ನು ದಾಟಿರಬೇಕು, ಇಲ್ಲವೆ ತತ್ಸಮಾನವಾದ ಬೇರೊಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಇಂಗ್ಲಿಷಿನಲ್ಲಿ ನುರಿತ ಇಂಜಿನಿಯರನು ಹೇಗೋ ಪಾರಾಗುವನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ, ದಾದಿಯ ಕೆಲಸ ಕಲಿತು ಹೊರಟ ಹುಡುಗಿಯ ಗತಿಯೇನೆಂಬುದೇ ಇಲ್ಲಿಯ ಪ್ರಶ್ನೆ.

ತರಗತಿಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಪುಸ್ತಕ ‘ಮಿನ್ನ ನೊ ನಿಹೊಂಗೊ’. ‘ಎಲ್ಲರ ಜಪಾನೀ’ ಎಂದು ಅದರ ಅರ್ಥ. ೧೯೯೮ರಲ್ಲಿ ಮೊದಲು ಅಚ್ಚಾದ ಇದರ ಪ್ರಾರಂಭದ ಎರಡು ಭಾಗಗಳಲ್ಲಿ ಒಟ್ಟು ೫೦ ಪಾಠಗಳಿವೆ. ಮೂಲಪಾಠವೆಲ್ಲವೂ ಜಪಾನಿಯಲ್ಲಿಯೇ ಇರುವುದು. ಅರ್ಥವಿವರಣೆಯೂ ವ್ಯಾಕರಣವೂ ಬೇರೆ ಬೇರೆ ಭಾಷೆಗಳಲ್ಲಿ ಪ್ರತ್ಯೇಕ ಸಂಪುಟಗಳಾಗಿ ದೊರೆಯುತ್ತವೆ. ಈ ಗ್ರಂಥದ ಗುಣಗಳು ಅಲ್ಪವಲ್ಲ. ಒಂದು ಪಾಠದಲ್ಲಿ ಕಲಿತುದು ಮುಂದಿನ ಪಾಠದಲ್ಲಿ ಕೆಲಸಕ್ಕೆ ಬರುತ್ತದೆ. ಅಭ್ಯಾಸಗಳು ನಾಲಗೆಯನ್ನು ಪಳಗಿಸುತ್ತವೆ. ವಿದೇಶದಲ್ಲಿ ಮೊದಲ ವರ್ಷ ಕಳೆಯುವವನಿಗೆ ಅಂಗಡಿ, ಆಸ್ಪತ್ರೆ, ಕಚೇರಿಗಳಲ್ಲಿ ಬೇಕಾದ ಮಾತುಗಳೇ ಮುಖ್ಯವಾಗಿ ಬಂದಿವೆ. ಅದರ ಪಾಠಕ್ರಮವು ಅನುಭವಸ್ಥರ ಕೈಯಿಂದ ಆದುದೆಂಬುದರಲ್ಲಿ ಸಂದೇಹವಿಲ್ಲ.

ದೋಷವಿರುವುದು ಜೊತೆಯ ಸಂಪುಟದಲ್ಲಿ, ಅಥವಾ ಕನ್ನಡಿಗನು ಅದನ್ನು ಬಳಸಬೇಕಾಗಿ ಬಂದಿರುವ ರೀತಿಯಲ್ಲಿ. ಅವನ ಕೈಗೆ ಸಾಮಾನ್ಯವಾಗಿ ಬರುವುದು ಇಂಗ್ಲಿಷ್ ಸಂಪುಟ. ಇಂಗ್ಲಿಷರಿಗೆ ವಿಚಿತ್ರವಾಗಿ ಕಾಣುವುದನ್ನೆಲ್ಲ ಅದು ವಿಚಿತ್ರವೆಂದೇ ಎಣಿಸಿ ವಿವರಿಸುವುದು. ಅದನ್ನೋದಿದ ಕನ್ನಡಿಗನು ತನ್ನ ಮನೆಯ ವಸ್ತುವನ್ನೇ ಅಪರಿಚಿತವೆಂದು ಭ್ರಮಿಸುವನು. ಪಕ್ಕದ ಮನೆಗೆ ಹೋಗಲು ಊರನ್ನೆಲ್ಲ ಬಳಸಿದಂತೆ!

ಉಚ್ಚಾರಣೆಯನ್ನು ತೆಗೆದುಕೊಳ್ಳೋಣ. ಜಪಾನಿಯಲ್ಲಿ ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕೀತೆ’ ಎಂದರೆ ಕೇಳಿ, ‘ಕಿತ್ತೆ’ ಎಂದರೆ ಅಂಚೆಯ ಚೀಟಿ. ಹ್ರಸ್ವದೀರ್ಘಗಳನ್ನೂ ದ್ವಿತ್ವವನ್ನೂ ರೋಮನ್ ಲಿಪಿಯಲ್ಲಿ ತೋರಿಸಲು ಗೆರೆಗಳೂ ಸೂಚನೆಗಳೂ ಬೇಕು. ಕನ್ನಡದ ಬಳ್ಳಿ ತಿದ್ದಿದ ಮಗುವಿಗೆ ಇದರಲ್ಲಿ ಕಲಿಯತಕ್ಕದ್ದೇನೂ ಇಲ್ಲ. ನಾಗರಿಯಲ್ಲಿ ಸಹಜವಾಗಿ ಇಲ್ಲದ ಹ್ರಸ್ವ ಎಕಾರ ಒಕಾರಗಳೂ ನಮ್ಮ ಲಿಪಿಯಲ್ಲಿ ಸಿದ್ಧವಾಗಿವೆ.

ವಾಕ್ಯರಚನೆಯಲ್ಲಿ ಈ ಸಾಮೀಪ್ಯ ಮತ್ತೂ ಸ್ಪಷ್ಟ. ‘ಕಿನೋ ಕತ್ತ ಹೊನ್’ ಎಂಬಲ್ಲಿ ಕಿನೋ ನಿನ್ನೆ, ಕತ್ತ ಕೊಂಡ, ಹೊನ್ ಪುಸ್ತಕ. ‘ನಿನ್ನೆ ಕೊಂಡ ಪುಸ್ತಕ’ ಎಂದು ಪದಕ್ಕೆ ಪದ ಕೂಡುತ್ತದೆ. ೨೨ನೆಯ ಪಾಠದವರೆಗೆ ತಡೆದಿಟ್ಟಿರುವ ಈ ರಚನೆ ಯಾವ ಸಂಬಂಧಾರ್ಥಕ ಸರ್ವನಾಮವನ್ನೂ ಬೇಡದ ನಮ್ಮ ಕೃದಂತವೇ. ೧೪ನೆಯ ಪಾಠದಲ್ಲಿ ಬರುವ ‘ತೆ’ರೂಪವು ಇಂಗ್ಲಿಷ್ ವಿದ್ಯಾರ್ಥಿಗಳಿಗೆ ದೊಡ್ಡ ಗಂಟು, ಕನ್ನಡದ ಕೃದಂತಾವ್ಯಯವನ್ನು ಬಲ್ಲವರಿಗೆ ಅದರ ಪ್ರಯೋಗವು ಸುಲಭ. ‘ತಬೆತೆ’ ಎಂದರೆ ತಿಂದು. ‘ತಬೆತೆ ಮಿರು’ ಎಂದರೆ ತಿಂದು ನೋಡು. ನೋಡುವ ಕ್ರಿಯೆಗೆ ಪರೀಕ್ಷಿಸುವ ಅರ್ಥ ಅಲ್ಲಿಯೂ ಇಲ್ಲಿಯೂ ಒಂದೇ ರೀತಿಯಿಂದ ಬಂದಿದೆ. ‘ತಬೆತೆ ಶಿಮತ್ತ’ ಎಂದರೆ ತಿಂದುಬಿಟ್ಟ. ‘ದರೆ’ ಯಾರು, ‘ದರೆಕ’ ಯಾರೋ, ‘ದರೆಮೊ’ ಯಾರೂ, ‘ದರೆದೆಮೊ’ ಯಾರಾದರೂ: ಓಕಾರ ಊಕಾರಗಳ ಕೆಲಸವನ್ನು ಅಲ್ಲಿ ಕ, ಮೊ ಎಂಬುವು ಮಾಡುತ್ತಿವೆ. ‘ಕೊರೆ, ಸೊರೆ, ಅರೆ’ ಎಂಬ ಮೂರು ನಿರ್ದೇಶಕ ಸರ್ವನಾಮಗಳಿಗೆ ಇಂಗ್ಲಿಷಿನಲ್ಲಿ ಎರಡೇ ಶಬ್ದಗಳಿವೆ. ಹಳಗನ್ನಡದಲ್ಲಾದರೋ ಇದು, ಅದು ಎಂಬುವುಗಳ ನಡುವೆ ‘ಉದು’ ಎಂಬುದೊಂದು ಇದ್ದಿತು. ಹಳಗನ್ನಡವು ಪರೀಕ್ಷೆಗೆ ಮಾತ್ರ ಎಂದು ತಿಳಿದವರು ಇದನ್ನು ಗಮನಿಸಬೇಕು.

ಗೌರವಾರ್ಥದ ಕ್ರಿಯಾಪದಗಳನ್ನು ಈ ಗ್ರಂಥವು ಕಟ್ಟಕಡೆಯ ೪೯, ೫೦ನೆಯ ಪಾಠಗಳಿಗೆ ಮುಂದೂಡಿದೆ. ‘ಬಾ’, ‘ಬನ್ನಿ’, ‘ದಯಮಾಡಿಸಿ’ ಎಂಬ ಮೂರು ಮೆಟ್ಟಿಲುಗಳನ್ನು ಬಾಲ್ಯದಿಂದಲೇ ಏರಿಳಿದ ಮಗುವಿಗೆ ಈ ವಿಳಂಬ ಅನಾವಶ್ಯಕ. ಹೇಳುವುದಕ್ಕೂ ‘ಅರಿಕೆ ಮಾಡಿಕೊಳ್ಳುವುದ’ಕ್ಕೂ ಇರುವ ಅಂತರವನ್ನು ಅದಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವೃದ್ಧಾಶ್ರಮದಲ್ಲಿ ಎಂಬತ್ತು ವರ್ಷದ ಹಿರಿಯರ ಸೇವೆಗೆ ನಿಲ್ಲುವವಳಿಗೆ ಮೊದಲ ದಿನದಿಂದಲೇ ಬೇಕಾದ ವಿದ್ಯೆ ಇದು. ಜಪಾನಿನ ಮನೆಯಿಂದ ಹೊರಡುವವರು ‘ಇತ್ತೆ ಕಿಮಸು’ ಎನ್ನುವರು. ಅಕ್ಷರಶಃ ‘ಹೋಗಿ ಬರುತ್ತೇನೆ’. ಹೊಳೆನರಸೀಪುರದ ಯಾವ ಮನೆಯ ಹೊಸ್ತಿಲಲ್ಲಿ ಈ ಮಾತು ಕೇಳಿಬರುವುದಿಲ್ಲ? ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಮಾತಿಲ್ಲದಿರುವುದರಿಂದ ಆ ಸಂಪುಟವನ್ನು ನಂಬಿದವನು ಇದನ್ನೂ ಬಾಯಿಪಾಠ ಮಾಡುವನು.

ಸಂಸ್ಕೃತವನ್ನೋದಿದ ಮನೆಗಳಿಗೆ ಹೆಚ್ಚು ಆನಂದವನ್ನುಂಟುಮಾಡುವ ಸಂಗತಿ ಜಪಾನೀ ವರ್ಣಮಾಲೆಯ ಕ್ರಮ: ಅ ಇ ಉ ಎ ಒ, ಕ ಸ ತ ನ ಹ ಮ ಯ ರ ವ. ಸಕಾರವು ಚವರ್ಗದ ಸ್ಥಾನದಲ್ಲಿದೆ. ಹಕಾರವು ಪೂರ್ವದಲ್ಲಿ ಪಕಾರವಾಗಿದ್ದುದರಿಂದ ಮಕಾರದ ಹಿಂದೆ ನಿಂತಿದೆ. ಕಂಠದಿಂದ ತುಟಿಯವರೆಗೆ ಬಂದು ಅಂತಸ್ಥಗಳಲ್ಲಿ ಮುಗಿಯುವ ಈ ಕ್ರಮವು ಶಿಕ್ಷಾಶಾಸ್ತ್ರದ ಕ್ರಮವೇ. ೮೦೪ರಲ್ಲಿ ಚೀನಕ್ಕೆ ಹೋಗಿ ೮೦೬ರಲ್ಲಿ ಹಿಂದಿರುಗಿದ ಕೂಕಾಯಿ ಮೊದಲಾದ ಬೌದ್ಧ ಭಿಕ್ಷುಗಳು ‘ಸಿದ್ಧಂ’ ಲಿಪಿಯ ಅಭ್ಯಾಸವನ್ನು ಆ ದೇಶದಲ್ಲಿ ನೆಲೆಗೊಳಿಸಿದರು. ಅದರ ಫಲವೇ ಈ ಕ್ರಮ. ಜಪಾನೀ ನಿಘಂಟನ್ನು ತೆರೆಯುವ ಕನ್ನಡಿಗನಿಗೆ ಇದೊಂದು ತಿಳಿದಿದ್ದರೆ ಅರ್ಧ ಭಯ ಹೋಗುವುದು.

ಇಷ್ಟರಿಂದ ಎರಡು ಭಾಷೆಗಳೂ ಒಡಹುಟ್ಟಿದವೆಂದು ಸಿದ್ಧಾಂತ ಮಾಡಬಾರದು. ಜಪಾನಿನ ವಿದ್ವಾಂಸ ಓನೊ ಸುಸುಮು ತಮಿಳಿಗೂ ಜಪಾನಿಗೂ ನಂಟನ್ನು ಕಲ್ಪಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ಹೋಲಿಕೆ ಬೇರೆ, ಬಾಂಧವ್ಯ ಬೇರೆ. ಕನ್ನಡವು ಮೋಸಗೊಳಿಸುವ ಎಡೆಗಳೂ ಉಂಟು. ಜಪಾನೀ ಕ್ರಿಯಾಪದದಲ್ಲಿ ಲಿಂಗ ವಚನ ಪುರುಷಗಳ ಗುರುತಿಲ್ಲ; ಆದರೂ ಕರ್ತೃಪದವನ್ನು ನಮಗಿಂತ ಧಾರಾಳವಾಗಿ ಬಿಡುವರು. ಚೀನದಿಂದ ಬಂದ ‘ಕಂಜಿ’ ಲಿಪಿಚಿಹ್ನೆಗಳಲ್ಲಿ ನಿತ್ಯೋಪಯೋಗಕ್ಕೆಂದು ೨೦೧೦ರ ಸರ್ಕಾರಿ ಪಟ್ಟಿ ಗೊತ್ತುಮಾಡಿದುವೇ ೨,೧೩೬. ಇಲ್ಲಿ ದುಡಿಮೆಗೆ ಬದಲಿಲ್ಲ. ಆದರೂ ಬೆಟ್ಟದ ಚಿಹ್ನೆಯನ್ನು ಒಮ್ಮೆ ‘ಯಮ’ ಎಂದೂ ಒಮ್ಮೆ ‘ಸನ್’ ಎಂದೂ ಏಕೆ ಓದಬೇಕೆಂದು ಕೇಳುವವನಿಗೆ, ಮೊದಲನೆಯದು ಅಲ್ಲಿಯ ದೇಶ್ಯ, ಎರಡನೆಯದು ಚೀನದಿಂದ ಬಂದ ಶಬ್ದ, ನಮ್ಮಲ್ಲಿ ‘ಬೆಟ್ಟ’, ‘ಗಿರಿ’ ಇದ್ದಂತೆ ಎಂದು ಹೇಳಿದರೆ ಸಾಕು.

ಕನ್ನಡವನ್ನು ಪರದೇಶೀಯರು ಕಲಿತ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ೧೮೧೭ರಲ್ಲಿ ಕೇರಿಯವರ ವ್ಯಾಕರಣ, ೧೮೫೯ರಲ್ಲಿ ಹಾಡ್ಸನ್ನರದು, ಹೀಗೆ ಅವರು ತಮ್ಮವರಿಗಾಗಿ ತಮ್ಮ ಭಾಷೆಯಲ್ಲಿ ಕನ್ನಡದ ಪುಸ್ತಕಗಳನ್ನು ಬರೆದುಕೊಂಡರು. ೧೮೫೩ರಲ್ಲಿ ಬಂದ ಕಿಟ್ಟೆಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೊಯ್ಸಳರ ಕಾಲದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ೧೮೭೨ರಲ್ಲಿ ಅಚ್ಚುಮಾಡಿಸಿ, ೧೯೦೩ರ ತಮ್ಮ ವ್ಯಾಕರಣಕ್ಕೆ ಅದನ್ನೇ ಆಧಾರವಾಗಿಟ್ಟುಕೊಂಡರು. ವಿವರಣೆ ಕಲಿಯುವವನ ಭಾಷೆಯಲ್ಲಿ, ಲಕ್ಷಣ ಕಲಿಯುವ ಭಾಷೆಯದು: ಎರಡು ಹೊಣೆಗಳೂ ಅಲ್ಲಿ ಸಂದಿವೆ.

ಜಪಾನಿಗೆ ಹೋಗುವ ಕನ್ನಡಿಗನಿಗೂ ಇಂತಹ ಉಪಕಾರ ಆಗಬೇಕಾಗಿದೆ. ಹೊಸ ಮಹಾಗ್ರಂಥವೇನೂ ಬೇಡ. ಈಗಿರುವ ೫೦ ಪಾಠಗಳ ಜೊತೆಗಿಟ್ಟು ಓದಲು, ಪಾಠಕ್ಕೆ ಎರಡು ಪುಟದಂತೆ, ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ಬರೆದ ಟಿಪ್ಪಣಿಯೊಂದು ಸಾಕು. ಜಪಾನೀ ಬಲ್ಲ ತರುಣನೊಬ್ಬನೂ ಕನ್ನಡ ವ್ಯಾಕರಣವನ್ನು ಬಲ್ಲ ಪಂಡಿತನೊಬ್ಬನೂ ಜೊತೆಯಾಗಿ ಕುಳಿತರೆ ಇದು ಆಗತಕ್ಕ ಕೆಲಸ. ಜಿಲ್ಲೆಯ ಸಾಹಿತ್ಯಸಂಘಗಳಿಗೆ ಇದಕ್ಕಿಂತ ಯೋಗ್ಯವಾದ ಕಾರ್ಯ ಸುಲಭವಾಗಿ ದೊರೆಯಲಾರದು. ಅಲ್ಲಿಯವರೆಗೆ ‘ಎಲ್ಲರ ಜಪಾನೀ’ ಎಂಬ ಹೆಸರಿನ ‘ಎಲ್ಲರ’ಲ್ಲಿ ಅರಕಲಗೂಡಿನ ಹುಡುಗಿ ಸೇರಿದಂತಾಗಲಿಲ್ಲ.