ಸದ್ದಿಗೆ ಎರರ್ ಕೋಡ್ ಇಲ್ಲ

ಹೊಸೂರು ಸೀಮೆಯ ಜವಳಗಿರಿಯಿಂದ ತಳಿ ಕಡೆಗೆ ಬೆಳಗಿನ ಚಳಿಯಲ್ಲಿ ಹೊರಟರೆ, ಮೊದಲ ಹಂಪ್ ದಾಟಿದ ಕೂಡಲೇ ಎಡಗಡೆ ಹಿಂದಿನಿಂದ ‘ಟಿಕ್, ಟಿಕ್’. ವೇಗ 30ರ ಆಸುಪಾಸಿನಲ್ಲಿದ್ದಾಗ ಕೇಳುತ್ತದೆ, 50 ದಾಟಿದರೆ ಟೈರಿನ ಸದ್ದಿನಲ್ಲಿ ಮುಳುಗುತ್ತದೆ. ವಿದ್ಯುತ್ ಕಾರು ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಮೂರು ಸಲ ಸರ್ವಿಸ್ ಸೆಂಟರಿಗೆ ಒಯ್ದೆ. ಮೂರು ಸಲವೂ ಸ್ಕ್ಯಾನರ್ ಹಾಕಿದರು, ಎರರ್ ಕೋಡ್ ಇಲ್ಲವೆಂದರು, ಜಾಬ್ ಕಾರ್ಡಿನಲ್ಲಿ ‘ಶಬ್ದ ಕಂಡುಬಂದಿಲ್ಲ’ ಎಂದು ಬರೆದು, ಕಾರು ತೊಳೆದು ಕೊಟ್ಟರು. ಈ ಪದ್ಧತಿಯ ಬಗ್ಗೆಯೇ ನನ್ನ ತಕರಾರು.

ಸ್ಕ್ಯಾನರ್ ಓದುವುದು ಸೆನ್ಸರ್ ಇರುವ ಕಡೆಯದನ್ನು ಮಾತ್ರ: ಬ್ಯಾಟರಿಯ ಬಿಸಿ, ಸೆಲ್‌ಗಳ ವೋಲ್ಟೇಜ್, ಮೋಟರಿನ ಸ್ಥಿತಿ. ಸಡಿಲಾದ ಕ್ಲಿಪ್ಪಿಗೆ ಸೆನ್ಸರ್ ಎಲ್ಲಿಂದ ಬರಬೇಕು? ಪೆಟ್ರೋಲ್ ಕಾರಿನಲ್ಲೂ ಅಂಥವು ಅಲ್ಲಾಡುತ್ತಿರುತ್ತವೆ; ಎಂಜಿನ್ ಗದ್ದಲ ಮುಚ್ಚಿಬಿಡುತ್ತದೆ. ವಿದ್ಯುತ್ ಕಾರಿನ ನಿಶ್ಶಬ್ದ ಎಂಥದೆಂದರೆ, ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈಯಿಂದ ಹೊಸ ವಿದ್ಯುತ್ ಕಾರುಗಳೆಲ್ಲ 20 ಕಿ.ಮೀ. ವೇಗದವರೆಗೆ ಪಾದಚಾರಿಗಳಿಗಾಗಿ ಕೃತಕ ಸದ್ದು ಮಾಡಲೇಬೇಕು.

ವಿದ್ಯುತ್ ಕಾರಿಗೆ ತನ್ನದೇ ಆದ ಸದ್ದುಗಳೂ ಉಂಟು. ಚಾಲೂ ಮಾಡುವಾಗ ಬ್ಯಾಟರಿ ಜೋಡಿಸುವ ಕಾಂಟ್ಯಾಕ್ಟರಿನ ‘ಟಕ್’, ವೇಗ ಇಳಿಸುವಾಗ ಮೋಟರಿನ ಸಣ್ಣ ಕೀರಲು, ಗಾಡಿ ನಿಂತ ಮೇಲೂ ಓಡುವ ಕೂಲಂಟ್ ಪಂಪು. ಡೆಲಿವರಿ ದಿನ ಹಾರ, ಫೋಟೊ, ಕೇಕಿಗೆ ಅರ್ಧ ಗಂಟೆ ಕೊಟ್ಟವರು ಇವನ್ನು ಕೇಳಿಸಿ ‘ಇವು ಇರಬೇಕಾದವು’ ಎನ್ನಲು ಐದು ನಿಮಿಷ ಕೊಡಬೇಕಿತ್ತು. ವಿದ್ಯುತ್ ವಾಹನ ಈ ಸೀಮೆಗೆ ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನ ವಿದ್ಯುತ್ ಕಾರು ರೇವಾ ರಸ್ತೆಗಿಳಿದಿತ್ತು. ಈಗ ಹೊಸೂರಿನಲ್ಲೂ ಪೋಚಂಪಳ್ಳಿಯಲ್ಲೂ ವಿದ್ಯುತ್ ಸ್ಕೂಟರ್ ಕಾರ್ಖಾನೆಗಳಿವೆ. ಇಂಥ ಸೀಮೆಯಲ್ಲೇ ಗ್ರಾಹಕನ ಪಕ್ಕ ಕೂತು ಕೇಳಿಸಿಕೊಳ್ಳುವ ಕ್ರಮ ಇಲ್ಲವೆಂಬುದು ನನಗೆ ಬೇಸರ.

ಕೊನೆಗೆ ಕೇಳಿಸಿಕೊಂಡವನು ತಳಿಯ ಒಬ್ಬ ಟೆಂಪೊ ಮೆಕ್ಯಾನಿಕ್. ಈ ಕಾಡಂಚಿನವರ ಕಿವಿ ಚುರುಕು; ಬನ್ನೇರುಘಟ್ಟದ ಕಡೆಯಿಂದ ಆನೆಹಿಂಡು ಬರುವ ಕಾಲದಲ್ಲಿ ರಾಗಿ ಹೊಲ ಕಾಯುತ್ತಾ, ಕೊಂಬೆ ಮುರಿದದ್ದು ಯಾವ ದಿಕ್ಕಿಗೆಂದು ಕತ್ತಲಲ್ಲೇ ಹೇಳುತ್ತಾರೆ. ‘ಅಣ್ಣಾ, ಕಿತ್ತಳೆ ಬಣ್ಣದ ವೈರು ನಾನು ಮುಟ್ಟಲ್ಲ, ಅದರಲ್ಲಿ ಕರೆಂಟು ಜಾಸ್ತಿ. ಎಸಿ ಆಫ್ ಮಾಡಿ. ನೀವು ಓಡಿಸಿ, ನಾನು ಹಿಂದೆ ಕೂತ್ಕೊತೀನಿ’ ಎಂದ. ಅದೇ ರಸ್ತೆ, ಅದೇ ಹೊತ್ತು, ಅದೇ ವೇಗ. ಒಂದೊಂದೇ ಜಾಗವನ್ನು ಅಂಗೈಯಲ್ಲಿ ಒತ್ತುತ್ತಾ ಬಂದ. ಎಡ ಕಿಟಕಿಯ ಹಿಂದಿನ ಪ್ಲಾಸ್ಟಿಕ್ ಒತ್ತಿದಾಗ ಸದ್ದು ನಿಂತಿತು. ಕೈ ತೆಗೆದ, ಮತ್ತೆ ‘ಟಿಕ್’. ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿದ.

ನಾಲ್ಕನೇ ಸಲ ಹೋಗಿ ಆ ಗುರುತು ತೋರಿಸಿದೆ. ಸರ್ವಿಸ್ ಹುಡುಗ ಪ್ಲಾಸ್ಟಿಕ್ ಬಿಚ್ಚಿದ. ವೈರಿಂಗಿನ ಕ್ಲಿಪ್ ಸರಿಯಾಗಿ ಕೂತಿರಲಿಲ್ಲ, ಕನೆಕ್ಟರ್ ತಗಡಿಗೆ ಬಡಿಯುತ್ತಿತ್ತು. ಬಟ್ಟೆ ಟೇಪು ಸುತ್ತಿ ಕ್ಲಿಪ್ ಒತ್ತಿದ, ಹತ್ತು ನಿಮಿಷದ ಕೆಲಸ. ಅವನು ಕೆಲಸ ಬಾರದವನಲ್ಲ. ನನ್ನ ಜೊತೆ ಹತ್ತು ಕಿಲೊಮೀಟರ್ ಬರಲು ಅವನಿಗೆ ಯಾರೂ ಪುರುಸೊತ್ತು ಕೊಟ್ಟಿರಲಿಲ್ಲ. ಯಾವ ರಸ್ತೆ, ಯಾವ ಹೊತ್ತು, ಎಷ್ಟು ವೇಗ, ಎಷ್ಟು ಜನ ಕೂತಿದ್ದರು ಎಂದು ಬರೆಯಲು ಜಾಬ್ ಕಾರ್ಡಿನಲ್ಲಿ ನಾಲ್ಕು ಸಾಲು ಜಾಗ ಬೇಕೆಂದು ಅಲ್ಲಿನ ಸಲಹಾ ಪುಸ್ತಕದಲ್ಲಿ ಬರೆದು ಬಂದೆ.