ಮಳೆ ಕೈಕೊಟ್ಟದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು

ಗುಬ್ಬಿ ಕಡೆಯ ಒಬ್ಬ ಪಿಯುಸಿ ಹುಡುಗಿ ತನ್ನ ಊರಿನ ಮೇಲೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆದು ತಂದಿದ್ದಳು. ಅದರಲ್ಲೊಂದು ಸಾಲು: ‘ದಿಸ್ ಇಯರ್ ರೈನ್ ಗೇವ್ ಹ್ಯಾಂಡ್.’ ಈ ವರ್ಷ ಮಳೆ ಕೈಕೊಟ್ಟಿತು ಎಂದು ಅವಳ ಅರ್ಥ. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಹಾಗಾಗಿ ರಾಗಿ ಒಣಗಿದ ವರ್ಷ ಅವಳ ವಾಕ್ಯದಲ್ಲಿ ಒಳ್ಳೆಯ ಫಸಲಿನ ವರ್ಷವಾಗಿತ್ತು. ನಾನು ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಫೇಲ್ಡ್’ ಎಂದು ಬರೆದು ನೋಟ್‌ಬುಕ್ ವಾಪಸ್ ಕೊಟ್ಟೆ. ‘ಲೆಟ್ ಅಸ್ ಡೌನ್’ ಎಂದು ಬರೆದಿದ್ದರೆ ಅವಳ ಮಾತಿನೊಳಗಿದ್ದ ನಂಬಿ ಕೆಟ್ಟ ನೋವು ಹಾಗೇ ಉಳಿಯುತ್ತಿತ್ತು. ಇದು ನನಗೆ ಹೊಳೆಯುವ ಹೊತ್ತಿಗೆ ಆ ಹುಡುಗಿ ಕಾಲೇಜು ಮುಗಿಸಿ ಹೋಗಿದ್ದಳು.

ಫ್ರೇಸಲ್ ವರ್ಬ್ ಎನ್ನುವುದು ಇಂಥ ಜೋಡಿಮಾತುಗಳನ್ನೇ. ಪುಟ್, ಗೆಟ್, ಟೇಕ್, ಲುಕ್ ಥರದ ಒಂದು ಸಾದಾ ಕ್ರಿಯಾಪದ, ಅದರ ಬೆನ್ನಿಗೆ ಅಪ್, ಆಫ್, ಔಟ್, ಡೌನ್ ಥರದ ಒಂದು ಪುಟ್ಟ ಪದ. ಎರಡೂ ಕೂಡಿದಾಗ ಬಿಡಿಯಾಗಿ ಎರಡರಲ್ಲೂ ಇಲ್ಲದ ಅರ್ಥ ಹುಟ್ಟುತ್ತದೆ. ಪರಭಾಷೆಯವರಿಗೆ ಇದು ಬಲು ಕಷ್ಟದ ಜಾಗವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಗುರುತಿಸಿದ್ದ. ಹೆಸರು ಬಳಕೆಗೆ ಬಂದದ್ದು ಮಾತ್ರ ತಡವಾಗಿ, 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ತಂದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಪುಸ್ತಕದಿಂದ.

ಇದನ್ನು ನಮ್ಮ ಕಡೆ ಕಲಿಸುವ ರೀತಿಯ ಬಗ್ಗೆ ನನ್ನ ತಕರಾರಿದೆ. ತುಮಕೂರಿನ ಪುಸ್ತಕದಂಗಡಿಗಳಲ್ಲಿ ಸಿಗುವ ಗೈಡು ತೆಗೆಯಿರಿ, ಕೋಚಿಂಗ್ ನೋಟ್ಸಿನ ಜೆರಾಕ್ಸ್ ತೆಗೆಯಿರಿ, ಎಲ್ಲದರಲ್ಲೂ ಒಂದೇ ನಮೂನೆ: ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಲುಕ್ ಆಫ್ಟರ್ ಎಂದರೆ ಪೋಷಿಸು, ಪುಟ್ ಅಪ್ ವಿತ್ ಎಂದರೆ ಸಹಿಸು, ಪುಟ್ ಔಟ್ ಎಂದರೆ ನಂದಿಸು, ಗಿವ್ ಅಪ್ ಎಂದರೆ ತ್ಯಜಿಸು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಗೆ ಈ ಪಟ್ಟಿ ಸಾಕು. ನೌಕರಿಯ ಪರೀಕ್ಷೆಗೆ ಓದುವ ಮಕ್ಕಳಿಗೆ ಒಂದೊಂದು ಅಂಕವೂ ಮುಖ್ಯ, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅದೇ ಮಕ್ಕಳು ವಾಕ್ಯ ಕಟ್ಟಲು ಕೂತಾಗ ಪಟ್ಟಿ ನೆರವಿಗೆ ಬರುವುದಿಲ್ಲ. ನೂರು ಜೋಡಿ ಬಾಯಿಪಾಠ ಮಾಡಿದವರು ಒಂದನ್ನೂ ಬಳಸದೆ ಪುಟ ತುಂಬಿಸಿದ್ದನ್ನು ಎಷ್ಟೋ ಸಲ ತಿದ್ದಿದ್ದೇನೆ.

ಕಾರಣ ಬಲಗಡೆಯ ಕನ್ನಡದಲ್ಲಿದೆ. ‘ಅಜ್ಜಿ ನನ್ನನ್ನು ಪೋಷಿಸಿದಳು’ ಎಂದು ಕುಣಿಗಲ್ಲಿನ ಯಾವ ಮಗು ಹೇಳುತ್ತದೆ? ‘ಅಜ್ಜಿ ನೋಡ್ಕೊಂಡ್ಲು’ ಎನ್ನುತ್ತದೆ. ನೋಡು, ಅದರ ಬೆನ್ನಿಗೆ ಕೊಳ್ಳು. ಲುಕ್, ಅದರ ಬೆನ್ನಿಗೆ ಆಫ್ಟರ್. ಕಟ್ಟಿದ ಬಗೆಯೇ ಒಂದು! ಎರಡು ಕಡೆಯೂ ಕಣ್ಣಿನ ಕೆಲಸಕ್ಕೆ ಇನ್ನೊಂದು ಪದ ಕೂಡಿ ಆರೈಕೆಯಾಗಿದೆ. ಪುಟ್ ಆಫ್ ಎಂಬುದಕ್ಕೆ ಗೈಡು ‘ಮುಂದೂಡು’ ಎನ್ನುತ್ತದೆ, ಮನೆಯಲ್ಲಿ ಮದುವೆಯನ್ನು ‘ಮುಂದಕ್ಕೆ ಹಾಕುತ್ತೇವೆ’. ಪುಟ್ ಎಂಬುದರ ಹಾಕು ಅಲ್ಲಿಯೇ ಇದೆ. ಕಾಗದವನ್ನು ಟೇರ್ ಅಪ್ ಮಾಡಿದ ಎಂದರೆ ‘ಹರಿದುಹಾಕಿದ’, ಈಟ್ ಅಪ್ ಎಂದರೆ ‘ತಿಂದುಬಿಡು’. ಕೆಲಸ ಪೂರ್ತಿಯಾಯಿತೆಂದು ಹೇಳಲು ಇಂಗ್ಲಿಷು ಅಪ್ ಎಂಬುದನ್ನು ಕರೆದರೆ ನಾವು ಹಾಕು, ಬಿಡು ಎಂಬ ಕ್ರಿಯೆಗಳನ್ನು ಕರೆಯುತ್ತೇವೆ.

ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಪುಟ್ ಅಪ್ ವಿತ್ ಮನೆಮಾತು, ಟಾಲರೇಟ್ ಕಚೇರಿಮಾತು. ಪುಟ್ ಔಟ್ ಅಡುಗೆಮನೆಯದು, ಎಕ್ಸ್‌ಟಿಂಗ್ವಿಶ್ ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರಿನ ಮೇಲಿನದು. ನಮ್ಮಲ್ಲೂ ತಾಳಿಕೊ, ಆರಿಸು ಮನೆಯವು. ಸಹಿಸು, ನಂದಿಸು ಪುಸ್ತಕದವು. ಗೈಡಿನವರು ಅವರ ಮನೆಮಾತಿಗೆ ನಮ್ಮ ಗ್ರಂಥದ ಮಾತನ್ನು ಗಂಟುಹಾಕುತ್ತಾರೆ. ಹುಡುಗರಿಗೆ ಆಗ ಫ್ರೇಸಲ್ ವರ್ಬ್ ಎಂದರೆ ಏನೋ ದೊಡ್ಡ ಪಾಂಡಿತ್ಯವೆಂಬ ಹೆದರಿಕೆ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಇದಕ್ಕಿಂತ ಸಲೀಸಾದ ಮಾತಿಲ್ಲ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇದೇ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿ, ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀ. ಇಂಗ್ಲಿಷಿನ ಕವಿತೆಯನ್ನು ತಿಳಿಗನ್ನಡಕ್ಕೆ ತಂದು ತೋರಿಸಿ ನೂರು ವರ್ಷವಾಗುತ್ತಾ ಬಂತು. ಆ ದಾರಿ ಅದೇ ಜಿಲ್ಲೆಯ ಇಂಗ್ಲಿಷ್ ತರಗತಿಗಳಿಗೆ ತಲುಪಿಲ್ಲ.

ಮತ್ತೆ ಕೈಗೆ ಬರುತ್ತೇನೆ. ಕೈಹಾಕು, ಕೈಬಿಡು, ಕೈಕೊಡು, ಕೈಗೂಡು, ಕೈತಪ್ಪು, ಕೈಚೆಲ್ಲು. ಯಾವುದರ ಅರ್ಥವನ್ನೂ ಕೈಯಿಂದಾಗಲಿ ಅದರ ಮುಂದಿನ ಕ್ರಿಯೆಯಿಂದಾಗಲಿ ಊಹಿಸಲಾಗದು. 1894ರ ಕಿಟ್ಟೆಲ್ ನಿಘಂಟಿನಲ್ಲಿ ಕೈ ಎಂಬ ಪದದ ಕೆಳಗೆ ಇಂಥ ಕೂಟಗಳ ಸಾಲೇ ಇದೆ. ಹೊರಗಿನಿಂದ ಬಂದ ಕಿಟ್ಟೆಲ್‌ಗೆ ಇವನ್ನು ಒಂದೊಂದಾಗಿ ಬಿಡಿಸಿ ಹೇಳುವುದು ಅಗತ್ಯವಾಗಿತ್ತು. ನಮಗೆ ಇವು ಎಳವೆಯಲ್ಲೇ ಒಲಿದಿವೆ. ಹೇಮಾವತಿ ನೀರಿಗಾಗಿ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಧರಣಿ ಕೂತವರು ಅದನ್ನು ‘ಕೈಬಿಟ್ಟರು’ ಎಂದರೆ ಒಂದು, ‘ಮುಂದಕ್ಕೆ ಹಾಕಿದರು’ ಎಂದರೆ ಇನ್ನೊಂದು ಎಂಬುದು ಎಂಟನೇ ತರಗತಿಯ ಹುಡುಗನಿಗೂ ಗೊತ್ತು. ಕಾಲ್ ಆಫ್, ಪುಟ್ ಆಫ್ ಎಂಬ ಎರಡರ ನಡುವಿನ ಅಂತರವೂ ಅಷ್ಟೇ.

ಅರ್ಧ ಪಾಠವಂತೂ ಬೀದಿಯಲ್ಲೇ ಆಗಿಹೋಗಿದೆ. ‘ಬಸ್‌ಸ್ಟ್ಯಾಂಡಿಗೆ ಬಂದು ಪಿಕಪ್ ಮಾಡು’, ‘ಗಾಡಿ ಪಿಕಪ್ ಇಲ್ಲ’, ‘ಕೊಬ್ಬರಿ ಪಿಕಪ್ಪಲ್ಲಿ ಬರುತ್ತೆ’, ‘ಹಬ್ಬ ಹತ್ರ ಬಂತು, ವ್ಯಾಪಾರ ಪಿಕಪ್ ಆಯ್ತು’. ಒಂದು ಪದ, ನಾಲ್ಕು ಅರ್ಥ, ನಾಲ್ಕೂ ಇಂಗ್ಲಿಷಿನಲ್ಲಿ ಇರುವಂಥವೇ. ಗೈಡಿನಲ್ಲಿ ಮಾತ್ರ ಪಿಕ್ ಅಪ್ ಎಂದರೆ ‘ಎತ್ತಿಕೊಳ್ಳು’, ಅಷ್ಟೇ. ಗುಬ್ಬಿ ಎಂದೊಡನೆ 1884ರಲ್ಲಿ ಶುರುವಾದ ಆ ನಾಟಕ ಕಂಪನಿ ಮನಸ್ಸಿಗೆ ಬರುತ್ತದೆ. ಅಲ್ಲಿಂದ ಮೇಕಪ್ ಎಂಬ ಪದ ಹಿಡಿದರೆ ಕಥೆ ಕಟ್ಟುವುದು, ಜಗಳವಾಡಿ ರಾಜಿಯಾಗುವುದು, ತಡವಾದ ರೈಲು ಹೊತ್ತು ಸರಿದೂಗಿಸುವುದು ಎಲ್ಲವನ್ನೂ ಒಂದೇ ಪೀರಿಯಡ್ಡಿನಲ್ಲಿ ಹೇಳಬಹುದು. ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. ಟೇಕಾಫ್ ಕಲಿಸಲು ಇನ್ನೆಲ್ಲಿಗೆ ಹೋಗಬೇಕು?

ಬೀದಿಯ ಕನ್ನಡ ಇಂಗ್ಲಿಷಿನ ಜೋಡಿಗಳನ್ನು ತನಗೆ ಬೇಕಾದಂತೆ ಮುರಿದುಕೊಂಡಿದೆ, ಅದನ್ನೂ ನೋಡಬೇಕು. ‘ಲೈಟ್ ಆಫ್ ಮಾಡು’ ಎನ್ನುವಾಗ ಸ್ವಿಚ್ ಅಥವಾ ಟರ್ನ್ ಎಂಬ ಕ್ರಿಯೆ ನಮಗೆ ಬೇಕಾಗಲಿಲ್ಲ, ನಮ್ಮ ‘ಮಾಡು’ ಇದ್ದೇ ಇತ್ತು. ಆದ್ದರಿಂದ ಬಾಲದ ಪದವನ್ನಷ್ಟೇ ತೆಗೆದುಕೊಂಡೆವು. ಕನ್ನಡಕ್ಕೆ ಅದು ಪೂರ್ತಿ ಸರಿ. ಅದೇ ಹುಡುಗ ಇಂಗ್ಲಿಷಿಗೆ ಹೊರಳಿ ‘ಆಫ್ ದ ಲೈಟ್’ ಎಂದಾಗ ಕ್ರಿಯೆಯೇ ಇಲ್ಲದ ವಾಕ್ಯವಾಗುತ್ತದೆ. ‘ಫ್ಯಾನ್ ಹಾಕು’ ಎಂಬುದು ‘ಪುಟ್ ದ ಫ್ಯಾನ್’ ಆಗಿ, ಆನ್ ಬಿದ್ದುಹೋಗುವುದೂ ಹೀಗೆಯೇ. ಹಾಕು ಎಂಬುದಕ್ಕೆ ಬಾಲ ಬೇಕಿಲ್ಲವಲ್ಲ. ಇಂಥ ತಪ್ಪು ಅಜಾಗರೂಕತೆಯಿಂದ ಬರುವುದಿಲ್ಲ, ಇದರ ಹಿಂದೆ ಒಂದು ವ್ಯಾಕರಣವೇ ಇದೆ. ಅದನ್ನು ವಿವರಿಸದೆ ಗೆರೆ ಎಳೆಯುವುದು ಅನ್ಯಾಯ, ನಾನೂ ವರ್ಷಗಟ್ಟಲೆ ಮಾಡಿದ ಅನ್ಯಾಯ. ಬಸ್ಸಿನಿಂದ ‘ಗೆಟ್ ಡೌನ್’ ಎನ್ನುವುದನ್ನು ಮಾತ್ರ ನಾನು ತಿದ್ದುವುದಿಲ್ಲ. ನಾವು ಬಸ್ಸಿನಿಂದ ‘ಇಳಿಯುವ’ ಜನ, ಭಾರತದ ಇಂಗ್ಲಿಷಿನಲ್ಲಿ ಆ ಮಾತು ನೆಲೆಯೂರಿದೆ. ಲಂಡನ್ನಿನಲ್ಲಿ ‘ಗೆಟ್ ಆಫ್’ ಎನ್ನುತ್ತಾರೆಂದು ತಿಳಿಸಿದರೆ ಸಾಕು.

ನನ್ನ ದಾರಿಗೂ ಮಿತಿಯಿದೆ. ನಮ್ಮ ‘ಬಿಡು’ ಕೆಲಸ ಮುಗಿದದ್ದನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಹೇಳುವವರ ಅಳಲನ್ನೋ ಅವಸರವನ್ನೋ ಹೊತ್ತು ತರುತ್ತದೆ; ‘ಹೋಗಿಬಿಟ್ಟರು’ ಎಂಬುದರ ದುಃಖ ಅಪ್‌ನಲ್ಲಾಗಲಿ ಆಫ್‌ನಲ್ಲಾಗಲಿ ಹಿಡಿಯದು. ಗ್ರೋ ಅಪ್‌ನ ಅಪ್ ಬೇರೆ, ಗಿವ್ ಅಪ್‌ನ ಅಪ್ ಬೇರೆ, ಎರಡಕ್ಕೂ ಒಂದೇ ಕನ್ನಡ ಪದ ಹೊಂದಿಸಹೊರಟರೆ ಇನ್ನೊಂದು ಗೈಡು ತಯಾರಾಗುತ್ತದೆ. ‘ಸ್ವಿಚ್ ಇಟ್ ಆಫ್’ ಎಂದು ಸರ್ವನಾಮ ನಡುವೆ ಕೂರುವುದು ನಮಗೆ ಹೊಸದು, ಅದಕ್ಕೆ ಅಭ್ಯಾಸವೇ ಬೇಕು. ಆದರೂ ‘ಬಂದೇ ಬಿಟ್ಟ’ ಎನ್ನುವಾಗ ಜೋಡಿಯ ನಡುವೆ ಒಂದು ಏಕಾರ ನುಸುಳುವುದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ, ಜೋಡಿ ಬಿರುಕು ಬಿಡಬಲ್ಲದೆಂದು ಮಕ್ಕಳಿಗೆ ತಟ್ಟನೆ ಹೊಳೆದದ್ದನ್ನು ಕಂಡಿದ್ದೇನೆ.

ಈಚೆಗೆ ಕುಣಿಗಲ್ಲಿನ ಒಂದು ತರಗತಿಯಲ್ಲಿ ಪಟ್ಟಿ ಕೊಡಲಿಲ್ಲ. ಮನೆಯಲ್ಲಿ ಕೇಳಿದ ಒಂದು ಕೈ ಮಾತು ಬರೆದುಕೊಂಡು ಬನ್ನಿ ಎಂದೆ. ಹಿಂದಿನ ಬೆಂಚಿನವನು ತಂದದ್ದು: ‘ನಮ್ಮಪ್ಪ ಬೋರ್‌ವೆಲ್ ಕೈಬಿಟ್ರು.’ ಮೂರು ಸಲ ಕೊರೆಸಿದರೂ ನೀರು ಬಂದಿರಲಿಲ್ಲ. ‘ಗೇವ್ ಅಪ್ ದ ಬೋರ್‌ವೆಲ್’ ಎನ್ನಬಹುದು, ‘ಗೇವ್ ಅಪ್ ಆನ್ ದ ಬೋರ್‌ವೆಲ್’ ಎಂದೂ ಎನ್ನಬಹುದು ಎಂದು ಎರಡನ್ನೂ ಬೋರ್ಡಿನ ಮೇಲೆ ಬರೆದೆ. ಆನ್ ಯಾಕೆ ಸಾರ್ ಎಂದ. ಮೊದಲನೆಯದು ಬೋರ್‌ವೆಲ್ ಬಿಟ್ಟದ್ದು, ಎರಡನೆಯದು ಅದರ ಮೇಲಿನ ಆಸೆ ಬಿಟ್ಟದ್ದು ಎಂದೆ. ಅವನು ಸ್ವಲ್ಪ ಹೊತ್ತು ಬೋರ್ಡು ನೋಡಿ, ‘ಹಂಗಾದ್ರೆ ಆನ್ ಹಾಕಿ ಸಾರ್’ ಎಂದ.